ಸಿಹಿ ಲೇಪದ ಗುಳಿಗೆ, ಮನೆಯ ನಾಯಿ



ದತ್ತಿ ಉಪನ್ಯಾಸ ಎಂದಕೂಡಲೆ ವಚನ, ಶಾಸನ, ಜನಪದ ಇವುಗಳಲ್ಲಿ ಒಂದನ್ನು ಕೇಳುವ ಆಸೆಯಿಂದ ಬಂದವರು ನಿಮ್ಮಲ್ಲಿ ಹಲವರಿರಬಹುದು. ನಾನು ದನದ ದವಾಖಾನೆಯ ಡಾಕ್ಟರು. ಈ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲೇ ನೌಕರಿ ಮಾಡಿದವನು. ನಾಳೆ ಬೆಳಗ್ಗೆಯೇ ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದಾದ ಒಂದು ಸಂಗತಿಯನ್ನು ಹೇಳುವುದು ಲೇಸೆಂದು ತಿಳಿದು, ಮನೆಯ ನಾಯಿ ವಿಟಮಿನ್ ಗುಳಿಗೆ ತಿಂದರೆ ಏನು ಮಾಡಬೇಕು ಎಂಬ ವಿಷಯವನ್ನು ಆರಿಸಿಕೊಂಡಿದ್ದೇನೆ.

ವಿಷಯ ಸಣ್ಣದಾಯಿತೆಂದು ಯಾರೂ ತಿಳಿಯಬಾರದು. ನಾಯಿಯೊಂದರ ಸಾವನ್ನು ಕಲ್ಲಿನ ಮೇಲೆ ಬರೆಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲ. ಆ ಕಾಳಗದಲ್ಲಿ ಮೆರೆದ ಮಣಲರ ಎಂಬ ವೀರ ತನಗೆ ಬೇಕಾದ್ದನ್ನು ಕೇಳಿಕೊಳ್ಳುವ ಅವಕಾಶ ಸಿಕ್ಕಾಗ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಒಂದು ಹಂದಿಬೇಟೆಯಲ್ಲಿ ಕಾಳಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ ತಳಿ ಇಂದು ದೇಶಕ್ಕೆಲ್ಲ ಗೊತ್ತು. 2005ರಲ್ಲಿ ಅಂಚೆಚೀಟಿಯಾಯಿತು. ಸೈನ್ಯದವರು ತರಬೇತಿಗೆ ಒಯ್ದರು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಂಥ ಜಿಲ್ಲೆಯಲ್ಲಿ ನಾಯಿ ಒಂದು ಮಾತ್ರೆಪಟ್ಟಿಯಿಂದ ಸಾಯಬಾರದು ಎಂಬುದು ನನ್ನ ಕಳಕಳಿ.

ಈಗ ಇಳಕಲ್ಲಿನದೇ ಒಂದು ನೇಕಾರರ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಪಡಸಾಲೆಯಲ್ಲಿ ಕುಣಿಮಗ್ಗ. ಅದರ ಪಕ್ಕದ ಗೋಡೆಯ ಮಾಡದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಆ ಚೀಲದಲ್ಲಿ ಮನೆಮಂದಿಯ ಔಷಧವೆಲ್ಲ ಇದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಕಬ್ಬಿಣದ ಗುಳಿಗೆ, ಸಾಲಿಗೆ ಹೋಗುವ ಹುಡುಗಿಯ ನೀಲಿ ಗುಳಿಗೆ, ಮೊಣಕಾಲು ನೋವಿನ ಅಜ್ಜಿ ವಾರಕ್ಕೊಂದರಂತೆ ಹಾಲಿಗೆ ಹಾಕಿ ಕುಡಿಯುವ ಅರವತ್ತು ಸಾವಿರದ ಡಿ ವಿಟಮಿನ್ ಪಾಕೀಟು, ಸಕ್ಕರೆ ಕಾಯಿಲೆಯ ಅಪ್ಪನ ನರದ ಕ್ಯಾಪ್ಸೂಲು. ಮನೆಯಲ್ಲಿ ಮದುವೆಯೋ ಜಾತ್ರೆಯೋ ಇದ್ದು ಮಂದಿ ಹೊರಗೆ ಹೋದರೆ ಚೀಲ ನೆಲಕ್ಕೆ ಬರಲು ಇಲಿಯೂ ಸಾಕು, ಬೆಕ್ಕೂ ಸಾಕು. ಬಾದಾಮಿಯಲ್ಲಾದರೆ ಮಂಗಗಳಿಗೆ ಇದನ್ನು ಕಲಿಸಿಕೊಡಬೇಕಾಗಿಯೇ ಇಲ್ಲ. ಮಂದಿ ಬಂದು ನೋಡಿದಾಗ ಅಗಿದು ಮುದ್ದೆಯಾದ ಬೆಳ್ಳಿಹಾಳೆ, ಹಾಸುಗಲ್ಲಿನ ಮೇಲೆ ಕೆಂಪು ಜೊಲ್ಲು, ಬಾಲ ಅಲ್ಲಾಡಿಸುತ್ತ ನಿಂತ ನಾಯಿ. ಆಗ ಯಾರಾದರೊಬ್ಬರು ಅನ್ನುತ್ತಾರೆ: "ಏನೂ ಆಗಂಗಿಲ್ಲ ಬಿಡ್ರಿ, ಬರೇ ಶಕ್ತಿ ಗುಳಿಗಿ ಅಲ್ಲೇನ್ರಿ? ತಿಂದಷ್ಟೂ ಗಟ್ಟಿ ಆಗತೈತಿ."

ಈ ಮಾತು ಅರ್ಧ ನಿಜ. ಬಿ ಕಾಂಪ್ಲೆಕ್ಸ್, ಸಿ ವಿಟಮಿನ್ ಇವೆರಡೂ ನೀರಿನಲ್ಲಿ ಕರಗುವಂಥವು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ನಾಯಿ ಒಂದು ಪಟ್ಟಿ ಬಿ ಕಾಂಪ್ಲೆಕ್ಸ್ ತಿಂದರೆ ಉಚ್ಚೆ ಅರಿಸಿನದ ಬಣ್ಣಕ್ಕೆ ತಿರುಗಿ ನೀವು ಗಾಬರಿಯಾಗಬಹುದು, ಅಷ್ಟೆ. ಸಿ ವಿಟಮಿನ್ನಂತೂ ನಾಯಿಯ ಯಕೃತ್ತು ತಾನೇ ತಯಾರಿಸಿಕೊಳ್ಳುತ್ತದೆ. ಹೆಚ್ಚು ತಿಂದರೆ ಒಂದೆರಡು ಸಲ ಭೇದಿಯಾದೀತು. ಎ ವಿಟಮಿನ್ ಒಂದೇ ಸಲಕ್ಕೆ ವಿಷವಾಗಬೇಕಾದರೆ ಬಹಳ ದೊಡ್ಡ ಪ್ರಮಾಣ ಬೇಕು, ಮನೆಯ ಚೀಲದಲ್ಲಿ ಅಷ್ಟಿರುವುದಿಲ್ಲ. ಮಾತಿನ ಇನ್ನರ್ಧದಲ್ಲಿ ಎರಡು ಹೆಸರಿವೆ: ಕಬ್ಬಿಣ ಮತ್ತು ಡಿ. ಈ ಜಿಲ್ಲೆಯಲ್ಲಿ ಮನೆಮನೆಗೆ ಹೋಗುವ ಮಾತ್ರೆಗಳೂ ಮುಖ್ಯವಾಗಿ ಇವೇ.

ಮೊದಲು ಕಬ್ಬಿಣ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ದಿನಕ್ಕೊಂದರಂತೆ ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೆಂಪು ಗುಳಿಗೆ ಕೊಡುತ್ತಾರೆ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ. ಎರಡರಲ್ಲೂ 60 ಮಿಲಿಗ್ರಾಂ ಶುದ್ಧ ಕಬ್ಬಿಣ ಇದೆ. ಐದರಿಂದ ಒಂಬತ್ತು ವರ್ಷದ ಮಕ್ಕಳ ಗುಲಾಬಿ ಗುಳಿಗೆಯಲ್ಲಿ 45 ಮಿಲಿಗ್ರಾಂ. ಬಸುರಿ, ಬಾಣಂತಿಯರಿಗೆ ಇದು ಜೀವ ಉಳಿಸುವ ಗುಳಿಗೆ. ಅದನ್ನು ತಪ್ಪದೆ ನುಂಗಿ ಎಂದೇ ನಾನೂ ಹೇಳುತ್ತೇನೆ. ಆದರೆ ಆ ಗುಳಿಗೆಯನ್ನು ಒಮ್ಮೆ ಅಂಗೈಮೇಲೆ ಇಟ್ಟು ನೋಡಿ. ನುಣ್ಣಗೆ, ಹೊಳಪಾಗಿ, ಪೆಪ್ಪರಮೆಂಟಿನಂತೆ ಇರುತ್ತದೆ. ಕಬ್ಬಿಣದ ಒಗರು ನಾಲಗೆಗೆ ಹತ್ತದಿರಲೆಂದು ಮೇಲೆ ಸಕ್ಕರೆಯ ಲೇಪ ಕೊಟ್ಟಿರುತ್ತಾರೆ. ನಾಯಿಗೆ ಸಿಹಿ ಗೊತ್ತಾಗುತ್ತದೆ. ಮೊದಲ ಗುಳಿಗೆಯನ್ನು ಉಗುಳುವ ಕಾರಣ ಅದಕ್ಕಿಲ್ಲ, ಆದ್ದರಿಂದಲೇ ಎರಡನೆಯದನ್ನು, ಹತ್ತನೆಯದನ್ನು ಅಗಿಯುತ್ತದೆ.

ಲೆಕ್ಕ ಹೀಗಿದೆ. ನಾಯಿಯ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಮಿಗಿಂತ ಕಡಿಮೆ ಶುದ್ಧ ಕಬ್ಬಿಣ ಹೋಗಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. 20ರಿಂದ 60ರವರೆಗೆ ವಾಂತಿ, ಭೇದಿ. 60 ದಾಟಿದರೆ ಗಂಡಾಂತರ. 100 ದಾಟಿದರೆ ಜೀವದ ಆಸೆ ಕಡಿಮೆಯಾಗುತ್ತ ಹೋಗುತ್ತದೆ. 20 ಕಿಲೋ ತೂಗುವ ಮುಧೋಳ ನಾಯಿ ಹತ್ತು ಕೆಂಪು ಗುಳಿಗೆ ತಿಂದರೆ ಕಿಲೋಗೆ 30 ಮಿಲಿಗ್ರಾಂ ಆಯಿತು. ತಿಂಗಳಿಗಾಗುವ ಮೂವತ್ತು ಗುಳಿಗೆಯನ್ನೂ ತಿಂದರೆ 90. ಅದೇ ಮೂವತ್ತನ್ನು 12 ಕಿಲೋದ ಬೀದಿನಾಯಿ ತಿಂದರೆ 150. ಖಾಸಗಿ ಅಂಗಡಿಯಲ್ಲಿ ಕೊಳ್ಳುವ ಕೆಲವು ಗುಳಿಗೆಗಳಲ್ಲಿ ಒಂದೊಂದರಲ್ಲೂ 100 ಮಿಲಿಗ್ರಾಂ ಶುದ್ಧ ಕಬ್ಬಿಣ ಇರುತ್ತದೆ. ಪಟ್ಟಿಯ ಬೆನ್ನಿಗೆ ಎರಡು ಅಂಕಿ ಇದ್ದರೆ ಲವಣದ ಅಂಕಿಯನ್ನು ಬಿಟ್ಟು 'ಎಲಿಮೆಂಟಲ್ ಐರನ್' ಎಂಬುದರ ಮುಂದಿನ ಅಂಕಿಯನ್ನೇ ಡಾಕ್ಟರಿಗೆ ಓದಿ ಹೇಳಬೇಕು.

ನಾನು ಇಂದು ಹೇಳಬೇಕೆಂದು ಬಂದ ಮುಖ್ಯ ಮಾತು ಇಲ್ಲಿದೆ, ತುಸು ನಿಧಾನವಾಗಿ ಹೇಳುತ್ತೇನೆ. ಕಬ್ಬಿಣ ತಿಂದ ನಾಯಿ ಮೊದಲ ಆರು ತಾಸಿನೊಳಗೆ ವಾಂತಿ ಮಾಡುತ್ತದೆ, ಕೆಲವೊಮ್ಮೆ ರಕ್ತ ಬೆರೆತ ವಾಂತಿ. ಕಪ್ಪಗೆ ಅಥವಾ ಕೆಂಪಗೆ ಭೇದಿಯಾಗುತ್ತದೆ. ಕಬ್ಬಿಣ ಹೊಟ್ಟೆಯ ಒಳಪೊರೆಯನ್ನು ಸುಡುವುದರಿಂದ ಹೀಗಾಗುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ಆಮೇಲೆ ವಾಂತಿ ನಿಲ್ಲುತ್ತದೆ. ನಾಯಿ ಎದ್ದು ನೀರು ಕುಡಿಯುತ್ತದೆ, ಕರೆದರೆ ಬರುತ್ತದೆ, ತುಣುಕು ರೊಟ್ಟಿಯನ್ನೂ ತಿಂದೀತು. ಎಲ್ಲ ಹೊರಗೆ ಬಿತ್ತು, ಆರಾಮಾಯಿತು ಎಂದು ಮನೆಯವರು ದವಾಖಾನೆಗೆ ಹೊರಟಿದ್ದ ಗಾಡಿಯನ್ನು ನಿಲ್ಲಿಸುತ್ತಾರೆ. ಆರನೆಯ ತಾಸಿನಿಂದ ಒಂದು ದಿನದವರೆಗಿನ ಈ ಬಿಡುವಿನಲ್ಲಿ ಕಬ್ಬಿಣ ರಕ್ತದಿಂದ ಯಕೃತ್ತಿಗೆ, ಹೃದಯಕ್ಕೆ ಇಳಿಯುತ್ತಿರುತ್ತದೆ. ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯ ಊರವರಿಗೆ ಇದು ಬೇಗ ತಿಳಿಯುತ್ತದೆ: ಊರಲ್ಲಿ ಮಳೆ ನಿಂತು ಬಿಸಿಲು ಬಿದ್ದ ದಿನವೇ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಹೊಲಕ್ಕೆ ನುಗ್ಗಿದ್ದನ್ನು ಅವರು ಕಂಡಿದ್ದಾರೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ನಾಯಿ ಮತ್ತೆ ನೆಲ ಹಿಡಿಯುತ್ತದೆ. ಒಸಡು ಬಿಳಿಚುತ್ತದೆ, ಕಾಲು ತಣ್ಣಗಾಗುತ್ತವೆ, ಯಕೃತ್ತು ಸೋಲುತ್ತದೆ. ಆಗ ದವಾಖಾನೆಗೆ ತಂದ ನಾಯಿಗೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಬದುಕಿದರೂ ಕೆಲವು ವಾರಗಳ ನಂತರ ಸುಟ್ಟ ಜಾಗ ಗಟ್ಟಿಕಟ್ಟಿ ಕರುಳಿನ ದಾರಿ ಕಿರಿದಾಗುವುದುಂಟು.

ಆದ್ದರಿಂದ "ಬೆಳಕು ಹರೀಲಿ, ನೋಡೋಣ" ಎಂಬ ಮಾತನ್ನು ಈ ಒಂದು ಸಂದರ್ಭದಲ್ಲಿ ಆಡಬೇಡಿ. ದನ, ಎಮ್ಮೆಗಳ ಎಷ್ಟೋ ಸಣ್ಣ ಕಾಯಿಲೆಗಳಲ್ಲಿ ಆ ಮಾತು ಸರಿಹೋದೀತು. ಗುಳಿಗೆ ತಿಂದ ನಾಯಿಯ ವಿಷಯದಲ್ಲಿ, ಅದು ಚೆನ್ನಾಗಿ ಕಾಣುತ್ತಿರುವ ಹೊತ್ತೇ ಔಷಧ ನಾಟುವ ಹೊತ್ತು.

ಡಿ ವಿಟಮಿನ್ನಿನದೂ ಇದೇ ಸ್ವಭಾವ, ಆದರೆ ಇನ್ನಷ್ಟು ಮೆತ್ತಗೆ ಬರುತ್ತದೆ. ನಾಯಿಗೂ ಡಿ ವಿಟಮಿನ್ನಿಗೂ ಹಳೆಯ ನಂಟು. 1918-19ರ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ಎಂಬ ವಿಜ್ಞಾನಿ ನಾಯಿಮರಿಗಳನ್ನು ಒಳಗೇ ಕೂಡಿಹಾಕಿ ಗಂಜಿಯಂಥ ಆಹಾರದ ಮೇಲೆ ಬೆಳೆಸಿದರು. ಮರಿಗಳ ಕಾಲು ಸೊಟ್ಟಗಾದವು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟರೆ ನೆಟ್ಟಗಾದವು. ಮಕ್ಕಳ ಮೂಳೆರೋಗದ ಮೂಲ ಆಹಾರದಲ್ಲಿದೆ ಎಂದು ಜಗತ್ತಿಗೆ ತಿಳಿದದ್ದು ಆ ಮರಿಗಳಿಂದ. ನಮ್ಮ ಜೋಳದ ನಾಡಿಗೆ ಹತ್ತಿರದ ಇನ್ನೊಂದು ಕತೆಯಿದೆ. ನಾಯಿಗಳಿಗೆ ಬರುವ ಕರಿನಾಲಗೆ ರೋಗ ನಿಕೊಟಿನಿಕ್ ಆಮ್ಲ ಎಂಬ ಬಿ ವಿಟಮಿನ್ನಿನಿಂದ ವಾಸಿಯಾಗುತ್ತದೆ ಎಂದು 1937ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಎಲ್ವೆಹ್ಯಾಂ ತೋರಿಸಿದರು. ಮನುಷ್ಯರಿಗೆ ಬರುವ ಪೆಲಾಗ್ರ ಎಂಬ ರೋಗಕ್ಕೂ ಅದೇ ಮದ್ದಾಯಿತು. ಬರೀ ಜೋಳ ಉಣ್ಣುವ ದಖ್ಖನಿನ ಬಡವರಲ್ಲಿ ಪೆಲಾಗ್ರ ಯಾಕೆ ಬರುತ್ತದೆಂದು 1960ರ ದಶಕದಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಸಿ. ಗೋಪಾಲನ್, ಭವಾನಿ ಬೆಳವಾಡಿ ಮುಂತಾದವರು ಹುಡುಕಿದಾಗಲೂ ಜೋಳ ತಿಂದು ನಾಲಗೆ ಕಪ್ಪಾಗಿಸಿಕೊಂಡು ಉತ್ತರ ಕೊಟ್ಟವು ನಾಯಿಗಳೇ. ಇಂದು ನಾವು ನುಂಗುವ ವಿಟಮಿನ್ ಗುಳಿಗೆಗಳ ಹಿಂದೆ ಆ ಜೀವಗಳಿವೆ. ಅವುಗಳ ಋಣ ನಮ್ಮ ಮೇಲಿದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಮೂಲ ವಿಷಯಕ್ಕೆ ಬರುತ್ತೇನೆ. ನಾಯಿಗೆ ನಮ್ಮಂತೆ ಬಿಸಿಲಿನಿಂದ ಚರ್ಮದಲ್ಲಿ ಡಿ ವಿಟಮಿನ್ ಸಾಕಷ್ಟು ಹುಟ್ಟುವುದಿಲ್ಲ, ಆಹಾರದಿಂದಲೇ ಬರಬೇಕು. ಆದರೆ ಬೇಕಾದದ್ದು ತೀರ ಸ್ವಲ್ಪ, ಹೆಚ್ಚಾದರೆ ಹೊರಹಾಕುವ ದಾರಿಯೂ ಕಿರಿದು. ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಪಾಕೀಟು, ಕ್ಯಾಪ್ಸೂಲು, ಸಣ್ಣ ಬಾಟಲಿ ಯಾವುದೇ ಇರಲಿ, ಒಂದೊಂದರಲ್ಲಿ ಸಾಮಾನ್ಯವಾಗಿ 60,000 ಘಟಕ ಇರುತ್ತದೆ. ಅಂದರೆ ಒಂದೂವರೆ ಮಿಲಿಗ್ರಾಂ. ನಾಯಿಯ ತೂಕದ ಕಿಲೋಗೆ 4,000 ಘಟಕ ದಾಟಿದರೆ ಲಕ್ಷಣ ಕಾಣಬಹುದು, 20,000 ಮುಟ್ಟಿದರೆ ರಕ್ತದ ಸುಣ್ಣದ, ಅಂದರೆ ಕ್ಯಾಲ್ಸಿಯಮ್ಮಿನ, ಮಟ್ಟ ಅಪಾಯಕ್ಕೇರುತ್ತದೆ. 20 ಕಿಲೋದ ನಾಯಿ ಒಂದು ಪಾಕೀಟು ನೆಕ್ಕಿದರೆ ಕಿಲೋಗೆ 3,000, ಚಿಂತೆ ಕಡಿಮೆ. ನಾಲ್ಕರ ಪಟ್ಟಿ ಪೂರ್ತಿ ಹೋದರೆ 12,000. ಅದೇ ನಾಲ್ಕು 12 ಕಿಲೋದ ನಾಯಿಯ ಹೊಟ್ಟೆ ಸೇರಿದರೆ ನೇರ 20,000. ನಾಲ್ಕು ಕಿಲೋದ ಮರಿಗಾದರೆ ಒಂದೇ ಪಾಕೀಟಿಗೆ 15,000.

ಮೊದಲ ಅರ್ಧ ದಿನ ಏನೂ ಕಾಣದಿರಬಹುದು. ಆಮೇಲೆ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮೂಲೆ ಹಿಡಿದು ಮಲಗುತ್ತದೆ. ನೀರಿನ ಬೋಗುಣಿಯ ಹತ್ತಿರವೇ ಕೂತು ಪದೇಪದೇ ಕುಡಿಯುತ್ತದೆ, ಪದೇಪದೇ ಉಚ್ಚೆ ಹೊಯ್ಯುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ ನಾಯಿ ನೀರು ಕುಡಿದರೆ ಯಾರು ಅನುಮಾನ ಪಡುತ್ತಾರೆ? ಅಷ್ಟರಲ್ಲಿ ರಕ್ತದಲ್ಲಿ ರಂಜಕ ಏರಿ, ಅದರ ಹಿಂದೆಯೇ ಸುಣ್ಣ ಏರಿ, ಎರಡೂ ಕೂಡಿ ಮೂತ್ರಪಿಂಡದಲ್ಲಿ, ರಕ್ತನಾಳದಲ್ಲಿ, ಹೃದಯದಲ್ಲಿ ಗಟ್ಟಿಯಾಗತೊಡಗುತ್ತವೆ. ಹಾಗೆ ಕಲ್ಲಾದ ಮೂತ್ರಪಿಂಡ ಮತ್ತೆ ಮೆತ್ತಗಾಗುವುದು ಕಷ್ಟ. ಡಿ ವಿಟಮಿನ್ ಕೊಬ್ಬಿನಲ್ಲಿ ಅಡಗಿ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದಾದ್ದರಿಂದ ಚಿಕಿತ್ಸೆಯೂ ವಾರಗಟ್ಟಲೆ ನಡೆಯಬೇಕು. ತಯಾರಕರ ಕೈತಪ್ಪಿನಿಂದಲೂ ಇದು ಆಗಬಹುದು. 2019ರ ಆರಂಭದಲ್ಲಿ ಅಮೆರಿಕದ ಹಿಲ್ಸ್ ಕಂಪನಿ ಡಿ ವಿಟಮಿನ್ ಅತಿಯಾಗಿದ್ದ ತನ್ನ ಡಬ್ಬಿ ನಾಯಿ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು. ಪೂರೈಕೆದಾರರು ಕಳಿಸಿದ ವಿಟಮಿನ್ ಮಿಶ್ರಣದಲ್ಲೇ ಪ್ರಮಾಣ ತಪ್ಪಿತ್ತು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಏನು ಮಾಡಬಾರದು ಎಂಬುದನ್ನೇ ಮೊದಲು ಹೇಳುತ್ತೇನೆ, ನಮ್ಮ ಕಡೆ ಕೈ ಮೊದಲು ಹೋಗುವುದು ಅದಕ್ಕೇ. ವಿಷ ಎಂದರೆ ಹಾಲು ಕುಡಿಸುವುದು, ತುಪ್ಪ ನೆಕ್ಕಿಸುವುದು, ಎಣ್ಣೆ ಹೊಯ್ಯುವುದು ರೂಢಿಯಲ್ಲಿದೆ. ಡಿ ವಿಟಮಿನ್ ಜಿಡ್ಡಿನಲ್ಲಿ ಕರಗುವಂಥದ್ದು. ಅಜ್ಜಿಗೆ ಅದನ್ನು ಹಾಲಿನಲ್ಲಿ ಕುಡಿಯಲು ಹೇಳುವುದು ಚೆನ್ನಾಗಿ ಮೈಗೆ ಹತ್ತಲಿ ಎಂದು. ನಾಯಿಗೆ ತುಪ್ಪ ಕೊಟ್ಟರೆ ಅದೇ ಆಗುತ್ತದೆ. ಹಾಲಿನಲ್ಲಿ ಸುಣ್ಣವೂ ಇದೆ, ಸುಣ್ಣ ಏರುವ ಕಾಯಿಲೆಗೆ ಇನ್ನಷ್ಟು ಸುಣ್ಣ ಸುರಿದಂತಾಯಿತು. ಬಾಯಿ ಹಿಡಿದು ಎಣ್ಣೆ ಹೊಯ್ದರೆ ಅದು ಪುಪ್ಪುಸಕ್ಕಿಳಿದು ನ್ಯುಮೋನಿಯಾ ಆಗಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೂ ಕೆಟ್ಟದ್ದು. ವಾಂತಿಯಾಗದೆ ಹೋದರೆ ಆ ಉಪ್ಪೇ ನಾಯಿಯ ಮೆದುಳಿಗೆ ವಿಷ. ಗಂಟಲಿಗೆ ಬೆರಳು ಹಾಕುವುದೂ ಬೇಡ. ಮೊಬೈಲಿನಲ್ಲಿ ನೋಡಿ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವವರು ಈಗ ಬಾಗಲಕೋಟೆಯ ನವನಗರದಂಥ ಕಡೆ ಕಾಣಿಸಿಕೊಳ್ಳುತ್ತಿದ್ದಾರೆ. ಅಮೆರಿಕದವರು ಹೇಳುವುದು ಶೇ. 3ರ ದ್ರಾವಣ. ನಮ್ಮ ಅಂಗಡಿಗಳಲ್ಲಿ ಗಾಯ ತೊಳೆಯಲು ಸಾಮಾನ್ಯವಾಗಿ ಸಿಗುವುದು ಶೇ. 6ರದು, ಹೊಟ್ಟೆಯನ್ನು ಸುಡುತ್ತದೆ. ಫೋನಿನಲ್ಲಿ ಡಾಕ್ಟರೇ ಹೇಳದ ಹೊರತು ಅದನ್ನು ಮುಟ್ಟಬೇಡಿ.

ಮಾಡಬೇಕಾದ್ದು ಕಡಿಮೆ, ಬೇಗ ಮಾಡಬೇಕು. ನಾಯಿಯನ್ನು ಅಲ್ಲಿಂದ ಎಳೆದು ಕಟ್ಟಿಹಾಕಿ. ಎರಡು ನಾಯಿಗಳಿದ್ದರೆ ಎರಡನ್ನೂ ಕಟ್ಟಿ, ಯಾವುದು ತಿಂದಿತೆಂದು ನಿಮಗೆ ಖಾತ್ರಿಯಿರುವುದಿಲ್ಲ. ಅಗಿದ ಪಟ್ಟಿಗಳನ್ನೆಲ್ಲ ನೆಲದ ಮೇಲೆ ಜೋಡಿಸಿ, ಮಗ್ಗದ ಕುಣಿಯಲ್ಲಿ, ಮಂಚದ ಕೆಳಗೆ ಬಿದ್ದ ಗುಳಿಗೆ ಹುಡುಕಿ, ಎಷ್ಟಿತ್ತು, ಎಷ್ಟು ಉಳಿದಿದೆ ಎಂದು ಎಣಿಸಿ. ಅನುಮಾನವಿದ್ದರೆ ಹೆಚ್ಚಿನ ಲೆಕ್ಕವನ್ನೇ ಹಿಡಿಯಿರಿ. ಪಟ್ಟಿಯ ಬೆನ್ನಿನ ಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಹರಿದ ಪಟ್ಟಿಯನ್ನೂ ಎಸೆಯಬೇಡಿ. ನಾಯಿಯ ತೂಕ ಗೊತ್ತಿಲ್ಲದಿದ್ದರೆ ಅದನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಉಳ್ಳಾಗಡ್ಡಿ ತೂಗುವ ಕಾಟಾ ಹತ್ತಿರವಿದ್ದರೆ ಅದೂ ಆದೀತು. ಯಾವ ಗುಳಿಗೆ, ಎಷ್ಟು, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು, ಈ ನಾಲ್ಕು ಸಂಗತಿ ಫೋನಿನಲ್ಲಿ ಹೇಳಿದರೆ ಡಾಕ್ಟರು ಅಲ್ಲೇ ಲೆಕ್ಕ ಹಾಕಿ, ಮನೆಯಲ್ಲೇ ಕಾಯಬಹುದೋ ಕೂಡಲೆ ತರಬೇಕೋ ಹೇಳಬಲ್ಲರು. ಊರಿನ ದನದ ದವಾಖಾನೆಯ ನಂಬರು ಗೋಡೆಯ ಮೇಲೆ ಬರೆದಿಟ್ಟುಕೊಂಡಿರಿ. ಇಲಾಖೆಯ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962. ಅದು ಬರುವುದು ತಡವಾಗುವಂತಿದ್ದರೆ ಆಟೋ ಹಿಡಿಯಿರಿ. ತಿಂದು ಒಂದೆರಡು ತಾಸಿನೊಳಗೆ ದವಾಖಾನೆಯಲ್ಲಿ ವಾಂತಿ ಮಾಡಿಸಿದರೆ ಗುಳಿಗೆ ಗುಳಿಗೆಯಾಗಿಯೇ ಹೊರಬೀಳುತ್ತದೆ. ಆ ಎರಡು ತಾಸನ್ನು ಉಳಿಸಿಕೊಡುವುದು ನಿಮ್ಮ ಕೈಯಲ್ಲಿದೆ.

ದವಾಖಾನೆಯಲ್ಲಿ ಏನು ನಡೆಯುತ್ತದೆಂದು ತಿಳಿದಿದ್ದರೆ ನೀವು ಸರಿಯಾದ ಪ್ರಶ್ನೆ ಕೇಳಬಲ್ಲಿರಿ. ಇದ್ದಿಲ ಪುಡಿ ಹಲವು ವಿಷಗಳನ್ನು ಹೀರುತ್ತದೆ, ಡಿ ವಿಟಮಿನ್ನನ್ನೂ ಹೀರುತ್ತದೆ. ಆದರೆ ಕಬ್ಬಿಣವನ್ನು ಹೀರುವುದಿಲ್ಲ. ಆದ್ದರಿಂದ ಕಬ್ಬಿಣ ತಿಂದ ನಾಯಿಗೆ ಇದ್ದಿಲು ಕೊಟ್ಟು ನಿಶ್ಚಿಂತರಾಗುವಂತಿಲ್ಲ. ಹೊಟ್ಟೆಯಲ್ಲಿ ಗುಳಿಗೆ ಉಳಿದಿದೆಯೇ ಎಂಬುದು ಎಕ್ಸ್‌ರೇಯಲ್ಲಿ ಕಾಣಬಹುದು, ಕಬ್ಬಿಣ ಬಿಳಿ ಚುಕ್ಕೆಯಾಗಿ ತೋರುತ್ತದೆ. ರಕ್ತದಲ್ಲಿ ಕಬ್ಬಿಣ ಅತಿಯಾದರೆ ಡೆಫೆರಾಕ್ಸಮಿನ್ ಎಂಬ ಔಷಧ ಅದನ್ನು ಹಿಡಿದು ಹೊರಗೆ ಒಯ್ಯುತ್ತದೆ. ದನದ ದವಾಖಾನೆಯ ಕಪಾಟಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ಪದೇಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳಿಗೆ ಬಳಸುವ ಔಷಧ ಅದು. ಮನುಷ್ಯರ ದೊಡ್ಡ ಆಸ್ಪತ್ರೆಗಳ ಔಷಧಾಲಯದಲ್ಲಿ ವಿಚಾರಿಸಬೇಕು, ಅದೂ ಮೊದಲ ದಿನದೊಳಗೆ. ಡಿ ವಿಟಮಿನ್ನಿಗೆ ಉಪ್ಪಿನ ಸಲೈನ್ ಏರಿಸುವುದು, ಫ್ಯೂರೊಸೆಮೈಡ್, ಪ್ರೆಡ್ನಿಸೊಲೋನ್ ಕೊಡುವುದು ಎಲ್ಲ ತಾಲ್ಲೂಕಿನಲ್ಲೂ ಆಗುವ ಕೆಲಸ. ಅದಕ್ಕೆ ಜಗ್ಗದಿದ್ದರೆ ಮೂಳೆಯ ಕಾಯಿಲೆಗಳಿಗೆ ಮನುಷ್ಯರಿಗೆ ಕೊಡುವ ಪ್ಯಾಮಿಡ್ರೊನೇಟಿನಂಥ ಇಂಜೆಕ್ಷನ್ ಇದೆ. ಇದೆಲ್ಲಕ್ಕಿಂತ ಮುಖ್ಯವಾಗಿ, ರಕ್ತಪರೀಕ್ಷೆ ಒಂದೇ ಸಲ ಮಾಡಿಸಿ ಮುಗಿಯಿತೆನ್ನಬೇಡಿ. ಸುಣ್ಣ, ರಂಜಕ, ಕ್ರಿಯಾಟಿನಿನ್ ಈ ಮೂರನ್ನು ಬಂದ ದಿನ, ಮರುದಿನ, ಮೂರನೆಯ ದಿನ, ನಾಲ್ಕನೆಯ ದಿನ ನೋಡಬೇಕು. ಮೊದಲ ದಿನದ ವರದಿ ಚೆನ್ನಾಗಿದ್ದರೆ ಅದಕ್ಕೆ ಅರ್ಥವಿಲ್ಲ, ಸುಣ್ಣ ಏರಲು ಎರಡು ಮೂರು ದಿನ ಬೇಕಾಗಬಹುದು.

ಇನ್ನೆರಡು ಪದಾರ್ಥಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಗಿದು ತಿನ್ನುವ ಬಣ್ಣದ ವಿಟಮಿನ್ ಗಮ್ಮಿಗಳು ಈಗ ಇಳಕಲ್ಲಿನ ಅಂಗಡಿಗೂ ಬಂದಿವೆ. ಸಕ್ಕರೆರಹಿತ ಎಂದು ಬರೆದಿದ್ದರೆ ಹಿಂಬದಿಯಲ್ಲಿ ಝೈಲಿಟಾಲ್ ಅಥವಾ 967 ಎಂಬ ಸಂಖ್ಯೆ ಇದೆಯೇ ನೋಡಿ. ಇದ್ದರೆ ಒಂದು ನಿಮಿಷವೂ ಕಾಯಬೇಡಿ. ನಮಗೆ ನಿರಪಾಯವಾದ ಆ ಸಿಹಿ ನಾಯಿಯ ಮೈಯಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ಸುರಿಸುತ್ತದೆ. ಅರ್ಧ ತಾಸಿನಲ್ಲೇ ನಾಯಿ ತೂರಾಡಿ ಬೀಳಬಹುದು, ಅತಿಯಾದರೆ ಯಕೃತ್ತೂ ಹೋಗುತ್ತದೆ. ಇನ್ನೊಂದು, ಸಕ್ಕರೆ ಕಾಯಿಲೆಯವರ ನರದ ಕ್ಯಾಪ್ಸೂಲು. ಅದರಲ್ಲಿ ಬಿ12 ಜೊತೆಗೆ ಆಲ್ಫಾ ಲಿಪೊಯಿಕ್ ಆಮ್ಲವೋ ಪ್ರೆಗಬಾಲಿನ್ನೋ ಇರುತ್ತದೆ. ಬಿ12 ಎಂದು ಮಾತ್ರ ಹೇಳಿ ಸುಮ್ಮನಾಗದೆ ಪಟ್ಟಿಯಲ್ಲಿ ಬರೆದ ಎಲ್ಲ ಹೆಸರನ್ನೂ ಓದಿ ಹೇಳಿ.

ಇಷ್ಟು ಹೊತ್ತು ನಾಯಿ ತಾನಾಗಿ ಕದ್ದು ತಿಂದದ್ದರ ಮಾತಾಯಿತು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯಿದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಮುಧೋಳ ಮರಿಗೆ ಈಗ ಒಳ್ಳೆಯ ಬೆಲೆಯಿದೆ. ಕಾಲು ನೆಟ್ಟಗೆ, ಉದ್ದಕ್ಕೆ, ಬೇಗ ಬೆಳೆಯಲೆಂದು ಸಾಕುವವರು ಕ್ಯಾಲ್ಸಿಯಂ ಸಿರಪ್ಪು, ಅದರ ಮೇಲೆ ಮನುಷ್ಯರ ಡಿ ವಿಟಮಿನ್ ಪಾಕೀಟು ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಎಳೆಯ ಮರಿಯ ಕರುಳಿಗೆ ಸುಣ್ಣವನ್ನು ಬೇಡವೆನ್ನಲು ಬರುವುದಿಲ್ಲ, ಕೊಟ್ಟಷ್ಟೂ ಒಳಗೆ ಹೋಗುತ್ತದೆ. ದೊಡ್ಡ ತಳಿಯ ಮರಿಗಳಿಗೆ ಸುಣ್ಣ ಅತಿಯಾಗಿ ಕೊಟ್ಟರೆ ಮೂಳೆಯ ಬೆಳವಣಿಗೆಯೇ ಕೆಡುತ್ತದೆ, ಕಾಲು ಬಾಗುತ್ತದೆ ಎಂದು 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ಊಟ್ರೆಕ್ಟಿನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿಕೊಟ್ಟವು. ಯಾವ ಕಾಲನ್ನು ನೆಟ್ಟಗೆ ಮಾಡಲು ಹೊರಟರೋ ಅದೇ ಸೊಟ್ಟಗಾಗುತ್ತದೆ. ಮರಿಗೆ ಬೇಕಾದದ್ದು ಮೊಟ್ಟೆ, ಮಾಂಸ, ಬೇಳೆ, ರೊಟ್ಟಿ, ಬಯಲಿನಲ್ಲಿ ಓಡಾಟ. ಹೆಚ್ಚಿನದೇನಾದರೂ ಬೇಕೆನಿಸಿದರೆ ಮರಿಯನ್ನು ತೂಗಿಸಿ, ಡಾಕ್ಟರಿಂದ ಚೀಟಿಯಲ್ಲಿ ಪ್ರಮಾಣ ಬರೆಸಿಕೊಂಡು ಕೊಡಿ. ಮರಿ ಮಾರುವವರಿಗೂ ಒಂದು ಬೇಡಿಕೆ: ಪುಣೆಗೋ ಬೆಂಗಳೂರಿಗೋ ಮರಿಯನ್ನು ಕಳಿಸುವಾಗ ಅದು ಇದುವರೆಗೆ ಏನು ಉಂಡಿದೆ, ಯಾವ ಸಿರಪ್ಪು ಎಷ್ಟು ಕುಡಿದಿದೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಅಲ್ಲಿ ಅದನ್ನು ಕೊಂಡವರು ಗೊತ್ತಿಲ್ಲದೆ ಮೊದಲಿಂದ ಮತ್ತೆ ಶುರುಮಾಡುತ್ತಾರೆ.

ಇನ್ನು ಉಳಿದದ್ದು ಆ ಪ್ಲಾಸ್ಟಿಕ್ ಚೀಲ. ಅದನ್ನು ಮಾಡದಿಂದ ತೆಗೆದು ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಗೆ ಹಾಕಿ, ಟ್ರಂಕಿನಲ್ಲಿಡಿ ಅಥವಾ ಅಟ್ಟದ ಮೇಲಿಡಿ. ಕೆಂಪು ಗುಳಿಗೆಯ ಸಕ್ಕರೆ ತೆವಳುವ ಕೂಸಿನ ನಾಲಗೆಗೂ ಸಿಹಿಯೇ. ಕಬ್ಬಿಣದ ವಿಷ ಮನುಷ್ಯರ ಮಕ್ಕಳಲ್ಲೂ ಇದೇ ಹಾದಿಯಲ್ಲೇ ನಡೆಯುತ್ತದೆ, ಇದೇ ಬಿಡುವನ್ನು ಕೊಟ್ಟು ಮೋಸ ಮಾಡುತ್ತದೆ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೋದ ಮೇಲೆ ಉಳಿದ ಪಟ್ಟಿಗಳನ್ನು ತಿಪ್ಪೆಗೆ ಎಸೆಯುವ ಪದ್ಧತಿ ಇದೆ. ಹುನಗುಂದದ ಓಣಿಯ ತಿಪ್ಪೆಯನ್ನು ರಾತ್ರಿ ಕೆದಕುವುದು ನಾಯಿಗಳೇ. ಅವು ಯಾರ ಮನೆಯವೂ ಅಲ್ಲದ್ದರಿಂದ ಎಣಿಸುವವರೂ ಇಲ್ಲ, ದವಾಖಾನೆಗೆ ತರುವವರೂ ಇಲ್ಲ. ಉಳಿದ ಗುಳಿಗೆಯನ್ನು ಆಶಾ ಕಾರ್ಯಕರ್ತೆಯ ಕೈಗೋ ಉಪಕೇಂದ್ರಕ್ಕೋ ಮರಳಿ ಕೊಡಿ.